ಸಾರ್ವಜನಿಕ ಜಾಗದಲ್ಲಿ ಸಮುದಾಯ ತೋಟ: ಗುದ್ದಲಿ ಹಿಡಿಯುವ ಮೊದಲು, ಹಿಡಿದ ಮೇಲೆ

ಖಾಲಿ ಬಿದ್ದ ಸಾರ್ವಜನಿಕ ಜಾಗದಲ್ಲಿ ನಾಲ್ಕು ಜನ ಸೇರಿ ತೋಟ ಮಾಡೋಣ ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, "ಏನು ಬೆಳೆಯೋಣ?" ಅದಕ್ಕೆ ಉತ್ತರ ಸುಲಭ, ಕೊನೆಗೆ ಬಂದರೂ ನಡೆಯುತ್ತದೆ. ಮೊದಲು ಕೇಳಬೇಕಾದವು ಬೇರೆ. ಈ ಜಾಗ ಯಾರದು? ನೀರು ಎಲ್ಲಿಂದ? ಮೂರನೇ ವರ್ಷಕ್ಕೆ ಇಲ್ಲಿ ಯಾರು ಉಳಿದಿರುತ್ತಾರೆ? ಮನೆಯ ಹಿತ್ತಲಿನಲ್ಲಿ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಇಲ್ಲಿ ಮಾತ್ರ ನೆಲ ನಿಮ್ಮದಲ್ಲ, ಇವತ್ತು ಜೊತೆಗಿದ್ದವರು ನಾಳೆಯೂ ಇರುತ್ತಾರೆಂಬ ಖಾತ್ರಿಯೂ ಇಲ್ಲ. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಈ ಎರಡು ಸಂಗತಿಗಳಿಂದಲೇ ಹುಟ್ಟಿದ್ದು.

ಮೊದಲು ಜನ

ಗಟ್ಟಿಯಾಗಿ ನಿಲ್ಲುವ ಐದಾರು ಮಂದಿ ಸಿಗುವವರೆಗೆ ಜಾಗ ಹುಡುಕಲು ಹೋಗಬೇಡಿ. ಮೊದಲ ಸಭೆಗೆ ಐವತ್ತು ಜನ ಬರಬಹುದು. ಅವರಲ್ಲಿ ಬಿಸಿಲಲ್ಲಿ ಕೂತು ಕಳೆ ಕೀಳುವವರು ಎಷ್ಟು ಜನ ಎಂಬುದಷ್ಟೇ ಲೆಕ್ಕ. ಕಚೇರಿ ಅಲೆಯುವ ತಾಳ್ಮೆ ಇರುವವರೊಬ್ಬರು, ಜಮಾಖರ್ಚು ಬರೆಯುವ ಶಿಸ್ತಿನವರೊಬ್ಬರು, ಮಣ್ಣಿನ ಅನುಭವ ಇರುವವರೊಬ್ಬರು ಇದ್ದರೆ ತಂಡ ಸಿದ್ಧ. ಎಲ್ಲರೂ ಕೃಷಿ ಬಲ್ಲವರೇ ಆದರೆ ಅದೂ ಫಜೀತಿಯೇ. ಟೊಮೆಟೊ ಗಿಡಕ್ಕೆ ಕೋಲು ಯಾವಾಗ ಊರಬೇಕು ಎಂಬ ವಾದದಲ್ಲೇ ಸಭೆ ಮುಗಿದುಹೋಗುತ್ತದೆ.

ಈ ಹಂತದಲ್ಲೇ ತೀರ್ಮಾನಿಸಬೇಕಾದ ದೊಡ್ಡ ವಿಷಯ ಒಂದಿದೆ. ಪ್ರತಿ ಮನೆಗೂ ಒಂದೊಂದು ಮಡಿ ಹಂಚಿಕೊಡುತ್ತೀರೋ ಅಥವಾ ಇಡೀ ತೋಟ ಎಲ್ಲರದ್ದಾಗಿ, ಕೆಲಸವೂ ಫಸಲೂ ಹಂಚಿಕೆಯಾಗುತ್ತದೋ? ಹಂಚಿಕೊಟ್ಟರೆ ಹೊಣೆ ಸ್ಪಷ್ಟ, ಆದರೆ ಕೈಬಿಟ್ಟ ಮಡಿಗಳಲ್ಲಿ ಕಳೆ ಬೆಳೆದು ಪಕ್ಕದವರಿಗೆ ತಲೆನೋವು. ಒಟ್ಟಿಗೆ ಮಾಡಿದರೆ ತೋಟ ಚೆಂದ ಕಾಣುತ್ತದೆ, ಆದರೆ ದುಡಿಯುವವರು ಕೆಲವರು, ಕೊಯ್ಯುವವರು ಹಲವರು ಎಂಬ ಗೊಣಗಾಟ ತಪ್ಪದು. ನನ್ನ ಒಲವು ಮಿಶ್ರ ಪದ್ಧತಿಯ ಕಡೆಗೆ: ಮಡಿಗಳು ಮನೆಗೊಂದು, ಬೇಲಿಯಂಚು, ಹಣ್ಣಿನ ಗಿಡ, ಗೊಬ್ಬರದ ಗುಂಡಿ ಎಲ್ಲರಿಗೂ ಸೇರಿದ್ದು.

ಜಾಗದ ಸುತ್ತಮುತ್ತ ವಾಸಿಸುವವರನ್ನು ಮರೆಯಬೇಡಿ. ನಿಮಗೆ ಖಾಲಿ ಎಂದು ಕಂಡ ನೆಲದಲ್ಲಿ ಯಾರೋ ಗಾಡಿ ನಿಲ್ಲಿಸುತ್ತಿರುತ್ತಾರೆ, ಮಕ್ಕಳು ಚೆಂಡಾಡುತ್ತಿರುತ್ತಾರೆ, ಇನ್ಯಾರಿಗೋ ಅದು ಅಡ್ಡದಾರಿ. ಅವರ ಬಾಗಿಲಿಗೆ ನೀವೇ ಹೋಗಿ ಮಾತಾಡಿ. ಆಟದ ಮೂಲೆಯನ್ನೂ ಕಾಲುದಾರಿಯನ್ನೂ ನಕ್ಷೆಯಲ್ಲಿ ಉಳಿಸಿಕೊಂಡರೆ ಮುಂದೆ ಬರಬೇಕಿದ್ದ ಅರ್ಧ ದೂರುಗಳು ಹುಟ್ಟುವುದೇ ಇಲ್ಲ.

ಜಾಗ ನೋಡುವುದು

ಎರಡು ಮೂರು ಜಾಗಗಳನ್ನು ಗುರುತಿಸಿಕೊಳ್ಳಿ. ಒಂದನ್ನೇ ನೆಚ್ಚಿಕೊಂಡು ಹೋದರೆ ಅದಕ್ಕೆ ಅನುಮತಿ ಸಿಗದ ದಿನ ತಂಡವೇ ಕರಗಿಹೋಗುತ್ತದೆ. ಪ್ರತಿ ಜಾಗಕ್ಕೂ ಬೆಳಿಗ್ಗೆ, ನಡುಹಗಲು, ಸಂಜೆ ಮೂರು ಹೊತ್ತು ಹೋಗಿ ನೆರಳು ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿಕೊಳ್ಳಿ. ಕಾಯಿಪಲ್ಯಕ್ಕೆ ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ಸೊಪ್ಪು ನಾಲ್ಕು ಗಂಟೆಯಲ್ಲೂ ಬರುತ್ತದೆ. ಋತು ಬದಲಾದಂತೆ ಸೂರ್ಯನ ದಾರಿಯೂ ಸರಿಯುತ್ತದೆ, ಹಾಗಾಗಿ ಎತ್ತರದ ಕಟ್ಟಡದ ಪಕ್ಕದ ಜಾಗವನ್ನು ಒಂದೇ ಭೇಟಿಯಲ್ಲಿ ಒಪ್ಪಿಕೊಳ್ಳಬೇಡಿ.

ದೊಡ್ಡ ಮರದ ಬುಡ ಬೇಡ. ನೆರಳಿಗಿಂತ ಬೇರಿನದೇ ಕಾಟ. ನೀವು ಹಾಕಿದ ನೀರು, ಗೊಬ್ಬರ ಎರಡನ್ನೂ ಮರ ಎಳೆದುಕೊಳ್ಳುತ್ತದೆ. ನೀರು ಇಂಗುವುದನ್ನು ನೋಡಲು ಒಂದಡಿ ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ ಅಳೆಯಿರಿ. ಗಂಟೆಗೆ ಎರಡರಿಂದ ಐದು ಸೆಂಟಿಮೀಟರ್ ಇಳಿದರೆ ಒಳ್ಳೆಯದು. ಮಾರನೇ ದಿನವೂ ನೀರು ನಿಂತಿದ್ದರೆ ಏರುಮಡಿ ಕಟ್ಟಬೇಕು, ಇಲ್ಲವೇ ಬೇರೆ ಜಾಗ ನೋಡಬೇಕು.

ರಸ್ತೆಯಿಂದ ಕಣ್ಣಿಗೆ ಬೀಳುವ ಜಾಗವೇ ಮೇಲು. ಮರೆಯಲ್ಲಿದ್ದರೆ ಕಳವು ಕಡಿಮೆ ಎಂದು ಅನ್ನಿಸಬಹುದು, ಆಗುವುದು ಉಲ್ಟಾ: ಯಾರ ಕಣ್ಣೂ ಬೀಳದ ಮೂಲೆಗೆ ಕಸ ಸುರಿಯುವವರು ಬಂದೇ ಬರುತ್ತಾರೆ.

ಒಡೆತನ ಮತ್ತು ಒಪ್ಪಂದ

ಬಹಳ ತೋಟಗಳು ಮುಳುಗುವುದು ಇಲ್ಲೇ. "ಸರ್ಕಾರಿ ಜಾಗ" ಎಂದು ಎಲ್ಲರೂ ಅನ್ನುವ ನೆಲ ಯಾವ ಇಲಾಖೆಯದು ಎಂದು ದಾಖಲೆಯಲ್ಲೇ ನೋಡಬೇಕು. ಉದ್ಯಾನ ವಿಭಾಗದ್ದೋ, ರಸ್ತೆಯವರದ್ದೋ, ನೀರು ಸರಬರಾಜಿನವರದ್ದೋ, ಶಾಲೆಗೆ ಕಾದಿರಿಸಿದ್ದೋ? ಭೂದಾಖಲೆ ಕಚೇರಿಯಲ್ಲಿ ಒಡೆತನದ ಜೊತೆಗೆ ಇನ್ನೂ ಎರಡು ವಿಷಯ ಕೇಳಿ: ಮುಂದಿನ ಐದು ಹತ್ತು ವರ್ಷಕ್ಕೆ ಈ ಜಾಗಕ್ಕೆ ಯಾವುದಾದರೂ ಯೋಜನೆ ಇದೆಯೇ, ನೆಲದಡಿಯಲ್ಲಿ ಕೊಳವೆ, ಗ್ಯಾಸ್ ಅಥವಾ ವಿದ್ಯುತ್ ಕೇಬಲ್ ಹಾದುಹೋಗಿದೆಯೇ. ಎರಡನೆಯದು ಗೊತ್ತಾಗದೆ ಹಾರೆ ಹಾಕುವುದು ಪ್ರಾಣಾಪಾಯ.

ನ್ಯೂಯಾರ್ಕಿನ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. 1973ರಲ್ಲಿ ಲಿಜ್ ಕ್ರಿಸ್ಟಿ ಮತ್ತು ಗ್ರೀನ್ ಗೆರಿಲ್ಲಾಸ್ ಎಂಬ ಗುಂಪು ಮ್ಯಾನ್‌ಹಟನ್‌ನ ಬವರಿ ಮತ್ತು ಹೌಸ್ಟನ್ ರಸ್ತೆಗಳು ಕೂಡುವಲ್ಲಿ ಕಸ ತುಂಬಿದ್ದ ಜಾಗವನ್ನು ಹಸನು ಮಾಡಿ ತೋಟ ಎಬ್ಬಿಸಿದರು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮರುವರ್ಷವೇ ನಗರಾಡಳಿತದಿಂದ ತಿಂಗಳಿಗೆ 1 ಡಾಲರ್ ಬಾಡಿಗೆಯ ಒಪ್ಪಂದ ಮಾಡಿಸಿಕೊಂಡರು. ಒಂದು ಡಾಲರ್ ನಗರಕ್ಕೆ ಲೆಕ್ಕಕ್ಕಿಲ್ಲದ ದುಡ್ಡು; ತೋಟದವರ ಕೈಗೆ ಮಾತ್ರ ಒಂದು ಕಾಗದ ಬಂತು. ಆ ತೋಟ ಈಗಲೂ ಇದೆ.

ಕಾಗದ ಇದ್ದರೂ ಅದು ಎಂಥ ಕಾಗದ ಎಂಬುದು ಮುಖ್ಯ. ಲಾಸ್ ಏಂಜಲೀಸ್‌ನ ಸೌತ್ ಸೆಂಟ್ರಲ್ ಫಾರ್ಮ್ ಸುಮಾರು 14 ಎಕರೆಯಷ್ಟಿತ್ತು. ನೂರಾರು ಕುಟುಂಬಗಳು 1994ರಿಂದ ಅಲ್ಲಿ ಬೆಳೆಯುತ್ತಿದ್ದವು. ಅವರಿಗಿದ್ದದ್ದು ಯಾವಾಗ ಬೇಕಾದರೂ ಹಿಂಪಡೆಯಬಹುದಾದ ತಾತ್ಕಾಲಿಕ ಅನುಮತಿ. 2003ರಲ್ಲಿ ನಗರಾಡಳಿತ ಆ ನೆಲವನ್ನು ಹಿಂದಿನ ಮಾಲೀಕರಿಗೇ ಮಾರಿತು, 2006ರ ಜೂನ್‌ನಲ್ಲಿ ಎಲ್ಲರನ್ನೂ ತೆರವು ಮಾಡಿಸಿ ಬುಲ್ಡೋಜರ್ ಓಡಿಸಿದರು. ನ್ಯೂಯಾರ್ಕಿನಲ್ಲೂ 1999ರಲ್ಲಿ 114 ತೋಟಗಳ ನೆಲ ಹರಾಜಿಗೆ ಬಂದಿತ್ತು. ಎರಡು ಸೇವಾ ಸಂಸ್ಥೆಗಳು ಕೊನೆ ಗಳಿಗೆಯಲ್ಲಿ ಕೊಂಡುಕೊಂಡಿದ್ದರಿಂದ ಉಳಿದವು. ಎಲ್ಲರಿಗೂ ಅಂಥ ಅದೃಷ್ಟ ಇರುವುದಿಲ್ಲ.

ಆದ್ದರಿಂದ ಒಪ್ಪಂದದಲ್ಲಿ ಇವಿಷ್ಟು ಬರವಣಿಗೆಯಲ್ಲಿ ಇರಲಿ. ಅವಧಿ ಎಷ್ಟು: ಮೂರು ವರ್ಷಕ್ಕಿಂತ ಕಡಿಮೆಯಾದರೆ ಹಣ್ಣಿನ ಗಿಡ ನೆಡುವ ಮಾತೇ ಬೇಡ, ಐದು ಸಿಕ್ಕರೆ ಚೆನ್ನ. ನವೀಕರಣ ಹೇಗೆ. ಬಿಡಿಸುವುದಾದರೆ ಎಷ್ಟು ತಿಂಗಳ ನೋಟಿಸ್, ಮತ್ತು ನಿಂತ ಬೆಳೆ ಕೊಯ್ದುಕೊಳ್ಳಲು ಸಮಯ ಕೊಡುತ್ತಾರೆಯೇ. ನೀರಿನ ಬಿಲ್ ಯಾರದು. ಬೇಲಿ, ಶೆಡ್ಡು, ನೀರಿನ ತೊಟ್ಟಿ ಕಟ್ಟಬಹುದೇ. ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ಹೊಣೆ ಯಾರದು, ವಿಮೆ ಯಾರು ಮಾಡಿಸಬೇಕು. ಬೆಳೆದದ್ದನ್ನು ಮಾರಬಹುದೇ. ಹೊರಡುವಾಗ ಜಾಗವನ್ನು ಯಾವ ಸ್ಥಿತಿಯಲ್ಲಿ ಒಪ್ಪಿಸಬೇಕು. ಕೊನೆಯದನ್ನು ಕೇಳಲು ಎಲ್ಲರಿಗೂ ಸಂಕೋಚ. ಅದನ್ನೇ ಮೊದಲು ಕೇಳಿದರೆ ಎದುರು ಕೂತ ಅಧಿಕಾರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಅಧಿಕಾರಿಗಳನ್ನು ನೋಡಲು ಹೋಗುವಾಗ ಎರಡು ಪುಟ ಸಾಕು. ಜಾಗದ ಈಗಿನ ಫೋಟೊ, ಕೈಯಲ್ಲಿ ಬರೆದ ನಕ್ಷೆ, ಸುತ್ತಲಿನ ನಿವಾಸಿಗಳ ಸಹಿ, ಉಸ್ತುವಾರಿ ಯಾರದೆಂಬ ವಿವರ. ಹಸಿರು, ಪರಿಸರ ಎಂದು ಭಾಷಣ ಬೇಡ. ಆ ಕಡೆಯವರ ಚಿಂತೆ ಬೇರೆಯೇ ಇರುತ್ತದೆ: ನಾಳೆ ದೂರು ಬಂದರೆ ಯಾರನ್ನು ಕರೆಯುವುದು, ಜಾಗ ವಾಪಸ್ ಬೇಕಾದಾಗ ಗಲಾಟೆಯಾಗುತ್ತದೆಯೇ, ಇಲಾಖೆಗೆ ಖರ್ಚು ಬೀಳುತ್ತದೆಯೇ. ಅರ್ಜಿಯಲ್ಲಿ ಈ ಮೂರಕ್ಕೂ ನೇರ ಉತ್ತರ ಇರಲಿ. ಒಬ್ಬ ವ್ಯಕ್ತಿಯ ಹೆಸರಲ್ಲಿ ಒಪ್ಪಂದ ಬೇಡ. ಆತ ಊರು ಬಿಟ್ಟರೆ ತೋಟವೂ ಹೋದಂತೆ. ನೋಂದಾಯಿತ ಸಂಘ ಇದ್ದರೆ ಅದರ ಹೆಸರಲ್ಲಿ, ಇಲ್ಲದಿದ್ದರೆ ಈಗಾಗಲೇ ಇರುವ ಯಾವುದಾದರೂ ನಂಬಿಕಸ್ಥ ಸಂಸ್ಥೆಯ ಆಸರೆಯಲ್ಲಿ ಮಾಡಿಸಿ.

ಮಣ್ಣಿನ ಪೂರ್ವ ಚರಿತ್ರೆ

ಸಾರ್ವಜನಿಕ ನೆಲಕ್ಕೆ ಒಂದು ಪೂರ್ವಾಶ್ರಮ ಇದ್ದೇ ಇರುತ್ತದೆ. ಹಿಂದೆ ಅಲ್ಲಿ ಪೆಟ್ರೋಲ್ ಬಂಕ್, ಗ್ಯಾರೇಜು, ಬಟ್ಟೆಗೆ ಬಣ್ಣ ಹಾಕುವ ಘಟಕ, ಕಸದ ಗುಡ್ಡೆ ಇತ್ತೆಂದು ತಿಳಿದರೆ ಆ ಜಾಗದ ಆಸೆ ಬಿಡುವುದೇ ಒಳ್ಳೆಯದು. ಹಳೆಯ ನಕ್ಷೆ, ಹಳೆಯ ಫೋಟೊ, ಸುತ್ತಲಿನ ಹಿರಿಯರ ನೆನಪು ಮೂರನ್ನೂ ಜಾಲಾಡಿ.

ನಗರದ ಮಣ್ಣಿನಲ್ಲಿ ಮುಖ್ಯ ಶತ್ರು ಸೀಸ. ದಶಕಗಳ ಕಾಲ ಪೆಟ್ರೋಲಿನಲ್ಲಿ ಸೀಸ ಇತ್ತು, ಹಳೆಯ ಮನೆಗಳ ಬಣ್ಣದಲ್ಲೂ ಇತ್ತು. ಅದು ಕೊಳೆಯುವುದಿಲ್ಲ, ಮಳೆಗೆ ಕೊಚ್ಚಿಯೂ ಹೋಗುವುದಿಲ್ಲ. ಮೇಲಿನ ಕೆಲವು ಅಂಗುಲ ಮಣ್ಣಿನಲ್ಲೇ ಕೂತಿರುತ್ತದೆ. ಜನದಟ್ಟಣೆಯ ರಸ್ತೆಯಂಚು, ಹಳೆಯ ಗೋಡೆಯ ಬುಡ ಇವೇ ಅದರ ಠಿಕಾಣಿ. ಮನೆಗಳ ಸುತ್ತಲಿನ ಮಣ್ಣಿನಲ್ಲಿ ಸೀಸ 400 ಪಿಪಿಎಂ (ಹತ್ತು ಲಕ್ಷ ಪಾಲು ಮಣ್ಣಿಗೆ 400 ಪಾಲು) ಮೀರಿದರೆ ಜಾಗ್ರತೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಹುಕಾಲ ಹೇಳುತ್ತಿತ್ತು. 2024ರಲ್ಲಿ ಆ ಗಡಿಯನ್ನು 200ಕ್ಕೆ ಇಳಿಸಿತು. ನಿಮ್ಮ ದೇಶದ ಮಿತಿ ಏನೇ ಇರಲಿ, ಮಕ್ಕಳು ಬರುವ ತೋಟದಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಪರೀಕ್ಷೆಗೆ ಮಾದರಿ ತೆಗೆಯುವ ಕ್ರಮ ಹೀಗೆ. ಜಾಗದ ಹತ್ತು ಹದಿನೈದು ಕಡೆ ಮೇಲಿನ ಹುಲ್ಲು ಸರಿಸಿ, ಆರು ಅಂಗುಲ ಆಳದವರೆಗಿನ ಮಣ್ಣನ್ನು ಸ್ವಲ್ಪ ಸ್ವಲ್ಪ ತೆಗೆದು, ಸ್ವಚ್ಛ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲೆಸಿ, ಅದರಿಂದ ಒಂದು ಪೊಟ್ಟಣ ಮಾಡಿ. ಗೋಡೆ ಬುಡದ್ದು, ರಸ್ತೆಯಂಚಿನದ್ದು ಬೇರೆ ಬೇರೆ ಪೊಟ್ಟಣವಾಗಲಿ. ನಡುವಿನ ಒಳ್ಳೆಯ ಮಣ್ಣಿನೊಂದಿಗೆ ಬೆರೆಸಿದರೆ ಕೆಟ್ಟದ್ದು ಮರೆಯಾಗುತ್ತದೆ. ಪ್ರಯೋಗಾಲಯದಲ್ಲಿ "ಭಾರಲೋಹ ಪರೀಕ್ಷೆ" ಎಂದು ಬಾಯಿಬಿಟ್ಟು ಕೇಳಬೇಕು. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಮತ್ತು ಪೋಷಕಾಂಶಗಳಷ್ಟೇ ಬರುತ್ತವೆ.

ಸೀಸ ಸ್ವಲ್ಪ ಹೆಚ್ಚಿದ್ದರೂ ದಾರಿ ಇದೆ. ನೆಲದ ಮೇಲೆ ಮಣ್ಣು ದಾಟದ, ನೀರು ದಾಟುವ ಬಟ್ಟೆ ಹಾಸಿ, ಅದರ ಮೇಲೆ ಒಂದಡಿ ಎತ್ತರದ ಏರುಮಡಿ ಕಟ್ಟಿ ಹೊರಗಿನ ಶುದ್ಧ ಮಣ್ಣು ತುಂಬಿ. ಓಡಾಡುವ ದಾರಿಗೆ ಮರದ ಚಕ್ಕೆ ಹಾಸಿ ಧೂಳು ಏಳದಂತೆ ನೋಡಿಕೊಳ್ಳಿ, ಏಕೆಂದರೆ ಸೀಸ ಮೈಸೇರುವುದು ತರಕಾರಿಗಿಂತ ಹೆಚ್ಚಾಗಿ ಧೂಳು ಮತ್ತು ಮಣ್ಣು ಮೆತ್ತಿದ ಕೈಯಿಂದ. ಮಣ್ಣಿನ ಪಿಎಚ್ 6.5ರಿಂದ 7ರಷ್ಟಿದ್ದು ಕಾಂಪೋಸ್ಟ್ ಧಾರಾಳವಾಗಿದ್ದರೆ ಗಿಡ ಸೀಸ ಹೀರುವುದೂ ಕಡಿಮೆಯಾಗುತ್ತದೆ. ಅನುಮಾನ ಇರುವ ನೆಲದಲ್ಲಿ ಟೊಮೆಟೊ, ಬದನೆ, ಬೀನ್ಸ್‌ನಂಥ ಕಾಯಿ ಬೆಳೆಗಳು ಸೊಪ್ಪು ಮತ್ತು ಗೆಡ್ಡೆಗಳಿಗಿಂತ ಕ್ಷೇಮ.

ಮಡಿಯ ಚೌಕಟ್ಟಿಗೆ ಹಳೆಯ ರೈಲ್ವೆ ಸ್ಲೀಪರ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ; ಅದಕ್ಕೆ ಹಚ್ಚಿದ ಕ್ರಿಯೋಸೋಟ್ ವಿಷ. ಹಳೆಯ ಸಂಸ್ಕರಿತ ಮರದಲ್ಲಿ ಆರ್ಸೆನಿಕ್ ಇರುವ ಸಾಧ್ಯತೆ ಉಂಟು. ಹೊರಗಿನಿಂದ ತರಿಸುವ ಗೊಬ್ಬರವನ್ನೂ ಕಣ್ಣುಮುಚ್ಚಿ ಸುರಿಯುವಂತಿಲ್ಲ. ಕಳೆನಾಶಕ ಸಿಂಪಡಿಸಿದ ಹುಲ್ಲು ತಿಂದ ದನದ ಸಗಣಿಯಲ್ಲಿ, ಅಮಿನೋಪೈರಾಲಿಡ್‌ನಂಥ ಔಷಧಿಯಾದರೆ, ಕಾಂಪೋಸ್ಟ್ ಆದ ಮೇಲೂ ಶೇಷ ಉಳಿಯುತ್ತದೆ. ಪರೀಕ್ಷೆಗೆ ಖರ್ಚೇನಿಲ್ಲ: ಒಂದು ಕುಂಡದಲ್ಲಿ ಆ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಬೆರೆಸದ ಮಣ್ಣು ಹಾಕಿ ಎರಡರಲ್ಲೂ ಬೀನ್ಸ್ ಬೀಜ ಊರಿ. ಮೂರು ವಾರದೊಳಗೆ ಮೊದಲ ಕುಂಡದ ಎಲೆಗಳು ಬಟ್ಟಲಿನಂತೆ ಮುದುರಿ ಚಿಗುರು ಸುರುಳಿ ಸುತ್ತಿದರೆ ಇಡೀ ಲೋಡು ವಾಪಸ್ ಕಳಿಸಿ.

ನೀರಿನ ಲೆಕ್ಕ

ಕಾಯಿಪಲ್ಯಕ್ಕೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕೆಂಬುದು ಒರಟು ಲೆಕ್ಕ. ಅಂದರೆ ಚದರ ಮೀಟರಿಗೆ 25 ಲೀಟರ್. ನೂರು ಚದರ ಮೀಟರ್ ಮಡಿಗೆ ವಾರಕ್ಕೆ 2,500 ಲೀಟರ್. ಹತ್ತು ಲೀಟರಿನ ಕ್ಯಾನಿನಲ್ಲಿ ಹೊರುವುದಾದರೆ 250 ಸಲ ಓಡಾಟ. ಈ ಒಂದು ಲೆಕ್ಕ ತೋರಿಸಿದರೆ, "ನೀರು ಹೇಗೋ ಹೊಂದಿಸೋಣ" ಎನ್ನುವವರು ಸುಮ್ಮನಾಗುತ್ತಾರೆ. ನಲ್ಲಿ ಇಲ್ಲದ ಜಾಗಕ್ಕೆ ನಾನಂತೂ ಕೈಹಾಕುವುದಿಲ್ಲ.

ಹತ್ತಿರದಲ್ಲಿ ಸಾರ್ವಜನಿಕ ಕಟ್ಟಡ ಇದ್ದರೆ ಅದರ ಚಾವಣಿಯ ಮಳೆನೀರು ಕೇಳಿ ನೋಡಿ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರ್ ಚಾವಣಿಗೆ 20 ಮಿಲಿಮೀಟರ್ ಮಳೆಯಾದರೆ 1,000 ಲೀಟರ್, ಸೋರಿಕೆ ಕಳೆದು 800 ಎಂದಿಟ್ಟುಕೊಳ್ಳಿ. ತೊಟ್ಟಿಗೆ ಮುಚ್ಚಳ ಮತ್ತು ಜಾಲರಿ ಕಡ್ಡಾಯ. ಸೊಳ್ಳೆ ಹುಟ್ಟಿದರೆ ಮೊದಲ ದೂರು ನಿಮ್ಮ ಮೇಲೆಯೇ. ಸಣ್ಣ ಮಕ್ಕಳು ಬರುವ ಜಾಗದಲ್ಲಿ ಅದು ಬೀಗ ಹಾಕುವ ಮುಚ್ಚಳವೇ ಆಗಿರಲಿ. ಮಡಿಗಳಿಗೆ ಎರಡು ಮೂರು ಅಂಗುಲ ದಪ್ಪ ಒಣಹುಲ್ಲಿನ ಹೊದಿಕೆ ಹಾಕಿದರೆ ನೀರಿನ ಖರ್ಚೂ ಇಳಿಯುತ್ತದೆ, ಕಳೆಯೂ ಕಡಿಮೆ.

ನಕ್ಷೆ ಮತ್ತು ಮಡಿ

ಎರಡೂ ಕಡೆಯಿಂದ ಕೈಚಾಚುವಂತಿದ್ದರೆ ಮಡಿಯ ಅಗಲ ನಾಲ್ಕು ಅಡಿ, ಗೋಡೆಗೆ ಒತ್ತಿದ್ದರೆ ಎರಡು ಅಡಿ. ಉದ್ದ ಎಷ್ಟಾದರೂ ಇರಬಹುದು ಎಂದುಕೊಳ್ಳಬೇಡಿ; ಹನ್ನೆರಡು ಅಡಿ ದಾಟಿದರೆ ಜನ ಸುತ್ತಿ ಬರಲು ಬೇಸತ್ತು ಮಡಿಯನ್ನೇ ತುಳಿದು ದಾಟುತ್ತಾರೆ. ಮುಖ್ಯ ದಾರಿ ನಾಲ್ಕು ಅಡಿ ಇದ್ದರೆ ಗಾಲಿಕುರ್ಚಿಯೂ ಬರುತ್ತದೆ, ಕೈಗಾಡಿಯೂ ಹೋಗುತ್ತದೆ. ಒಂದೆರಡು ಮಡಿಗಳನ್ನು ಎರಡರಿಂದ ಎರಡೂವರೆ ಅಡಿ ಎತ್ತರಕ್ಕೆ ಕಟ್ಟಿ. ಬಗ್ಗಲಾಗದ ಹಿರಿಯರಿಗೆ ಅದೇ ಆಧಾರ, ಮತ್ತು ತೋಟಕ್ಕೆ ನಿತ್ಯ ಬರುವ ಪುರುಸೊತ್ತು ಇರುವವರೂ ಅವರೇ.

ಬ್ರಿಟನ್ನಿನಲ್ಲಿ ಸಾರ್ವಜನಿಕರಿಗೆ ಬಾಡಿಗೆಗೆ ಕೊಡುವ ತೋಟದ ತುಂಡಿನ ಸಾಂಪ್ರದಾಯಿಕ ಅಳತೆ ಸುಮಾರು 250 ಚದರ ಮೀಟರ್. ಅದೊಂದು ಸಂಸಾರಕ್ಕೆ ಆಹಾರ ಬೆಳೆಯುವ ಕಾಲದ ಲೆಕ್ಕ. ಹೊಸಬರಿಗೆ ಅದು ಶಿಕ್ಷೆ. ಮೊದಲ ವರ್ಷ ಮನೆಗೆ ನಾಲ್ಕೈದು ಚದರ ಮೀಟರ್ ಸಾಕು. ಇಡೀ ಜಾಗ ಒಮ್ಮೆಲೇ ಅಗೆಯಲೂ ಬೇಡಿ. ಮೂರರಲ್ಲಿ ಒಂದು ಪಾಲು ಮಾತ್ರ ತೆರೆದು, ಉಳಿದದ್ದಕ್ಕೆ ರಟ್ಟು ಹಾಸಿ ಮೇಲೆ ಎಲೆಕಸ ಹರವಿಬಿಡಿ. ಮುಂದಿನ ಹಂಗಾಮಿನ ಹೊತ್ತಿಗೆ ಕೆಳಗಿನ ಹುಲ್ಲು ಸತ್ತು ಮಣ್ಣು ಮೆತ್ತಗಾಗಿರುತ್ತದೆ.

ಅವಧಿ ಕಡಿಮೆ ಸಿಕ್ಕವರು ಬರ್ಲಿನ್ನಿನ ಪ್ರಿನ್ಸೆಸಿನ್ನೆನ್‌ಗಾರ್ಟೆನ್ ಮಾಡಿದ್ದನ್ನು ಮಾಡಬಹುದು. 2009ರಲ್ಲಿ ಮೋರಿಟ್ಸ್‌ಪ್ಲಾಟ್ಸ್ ಎಂಬಲ್ಲಿ ನಗರದ ಪಾಳು ಜಾಗ ಬಾಡಿಗೆಗೆ ಸಿಕ್ಕಾಗ ಅವರು ನೆಲ ಅಗೆಯಲಿಲ್ಲ. ಬ್ರೆಡ್ ಸಾಗಿಸುವ ಪ್ಲಾಸ್ಟಿಕ್ ಕ್ರೇಟು, ಅಕ್ಕಿ ಚೀಲಗಳಲ್ಲಿ ಬೆಳೆದರು. ಎತ್ತಿಕೊಂಡು ಹೊರಡಬಹುದಾದ ತೋಟ. ಕೆಳಗಿನ ಮಣ್ಣಿನ ವಿಷದ ಚಿಂತೆಯೂ ತಪ್ಪಿತು.

ಮೊದಲ ಬೆಳೆ

ಬೇಗ ಬರುವಂಥದ್ದು ಹಾಕಿ: ಮೂಲಂಗಿ ಒಂದು ತಿಂಗಳಲ್ಲಿ ಕೈಗೆ ಬರುತ್ತದೆ, ಸೊಪ್ಪು ಅದರ ಹಿಂದೆಯೇ, ಬೀನ್ಸ್ ಎರಡು ತಿಂಗಳಿಗೆ. ಜೊತೆಗೆ ಚೆಂಡುಹೂವು ಅಥವಾ ಸೂರ್ಯಕಾಂತಿ, ಏಕೆಂದರೆ ದಾರಿಹೋಕರು ನಿಂತು ನೋಡುವುದು ಹೂವನ್ನೇ. ಉಳಿದದ್ದನ್ನು ನಿಮ್ಮ ಹವೆ ಹೇಳಿಕೊಡುತ್ತದೆ.

ಕಾಂಪೋಸ್ಟ್ ರಾಶಿ ಉದ್ದ, ಅಗಲ, ಎತ್ತರ ಮೂರಡಿಗಿಂತ ಚಿಕ್ಕದಾದರೆ ಬಿಸಿ ಏರುವುದಿಲ್ಲ. ಹಸಿ ಕಸ ಒಂದು ಬುಟ್ಟಿಗೆ ಒಣ ಎಲೆ ಎರಡು ಮೂರು ಬುಟ್ಟಿ. ನಾರುತ್ತಿದ್ದರೆ ಒಣದ್ದು ಸಾಲದು ಎಂದರ್ಥ. ಬೇಯಿಸಿದ ಆಹಾರ, ಮಾಂಸ ಹಾಕಿದರೆ ಇಲಿ ಬರುತ್ತದೆ; ಇಲಿ ಬಂದರೆ ಅಧಿಕಾರಿಗಳೂ ಬರುತ್ತಾರೆ.

ನಿಯಮ, ದುಡ್ಡು, ಕಳವು

ನಿಯಮಗಳು ಒಂದು ಪುಟ ಮೀರಬಾರದು. ಅದರಲ್ಲಿ ಬಹಳ ಬೇಕಾದದ್ದು ಕೈಬಿಟ್ಟ ಮಡಿಯ ನಿಯಮ: ಮೂರು ವಾರ ಯಾರೂ ಮುಟ್ಟದಿದ್ದರೆ ಫೋನು, ಇನ್ನೆರಡು ವಾರಕ್ಕೆ ಪತ್ರ, ಆಮೇಲೆ ಕಾಯುತ್ತಿರುವವರ ಪಟ್ಟಿಯಲ್ಲಿ ಮುಂದಿನವರಿಗೆ. ಮೊದಲೇ ಬರೆದಿಡದಿದ್ದರೆ ಇದು ವೈಯಕ್ತಿಕ ದ್ವೇಷದಂತೆ ಕಾಣುತ್ತದೆ. ಫೋನು ಮಾಡುವಾಗ ಮಡಿಯ ಸುದ್ದಿಗಿಂತ ಮೊದಲು ಮನೆಯ ಸುದ್ದಿ ವಿಚಾರಿಸಿ. ಬಹಳ ಸಲ ಯಾರೋ ಆಸ್ಪತ್ರೆಯಲ್ಲಿರುತ್ತಾರೆ, ಆಗ ಎರಡು ವಾರ ಬೇರೆಯವರು ನೀರು ಹಾಕಿದರೆ ಮುಗಿಯಿತು.

ಸದಸ್ಯ ಶುಲ್ಕ ಸಣ್ಣದಾದರೂ ಇರಲಿ. ಕೊಡಲಾಗದವರು ಕೆಲಸದಲ್ಲಿ ಕೊಡಲಿ. ಖಾತೆಗೆ ಇಬ್ಬರ ಸಹಿ, ಲೆಕ್ಕದ ಪುಸ್ತಕ ಶೆಡ್ಡಿನಲ್ಲೇ ಎಲ್ಲರ ಕೈಗೆ ಸಿಗುವಂತೆ. ವಿಷದ ಔಷಧಿ ಹೊಡೆಯುವಂತಿಲ್ಲ ಎಂಬುದನ್ನೂ ಬರೆಯಿರಿ, ಒಬ್ಬರ ಮಡಿಯ ಸಿಂಪಡಣೆ ಗಾಳಿಗೆ ಎಲ್ಲರ ಮಡಿಗೂ ಹೋಗುತ್ತದೆ.

ಕಳವು ಆಗುತ್ತದೆ. ಮೊದಲ ಕೆಂಪು ಟೊಮೆಟೊ ನಿಮಗೆ ಸಿಗುವುದಿಲ್ಲ ಎಂದು ತಿಳಿದುಕೊಂಡೇ ಇಳಿಯಿರಿ. ಮುಳ್ಳುತಂತಿ ಹಾಕಿದರೆ ಸಾರ್ವಜನಿಕ ಜಾಗವನ್ನು ನೀವು ಕಬಳಿಸಿದಂತೆ ಕಾಣುತ್ತದೆ, ಕದಿಯುವವರು ಹೇಗೂ ಹಾರುತ್ತಾರೆ. ಅದರ ಬದಲು ಬೇಲಿಯಂಚಿನ ಒಂದು ಮಡಿಗೆ "ಇದು ದಾರಿಹೋಕರಿಗೆ, ಬೇಕಾದಷ್ಟು ಕಿತ್ತುಕೊಳ್ಳಿ" ಎಂಬ ಫಲಕ ಹಾಕಿ. ಇಂಗ್ಲೆಂಡಿನ ಟಾಡ್‌ಮರ್ಡನ್ ಪಟ್ಟಣದಲ್ಲಿ ಇನ್‌ಕ್ರೆಡಿಬಲ್ ಎಡಿಬಲ್ ಎಂಬ ಗುಂಪು 2008ರಿಂದ ಪೊಲೀಸ್ ಠಾಣೆ, ರೈಲು ನಿಲ್ದಾಣದಂಥ ಕಡೆ ತರಕಾರಿ ಬೆಳೆದು ಯಾರು ಬೇಕಾದರೂ ಒಯ್ಯಲಿ ಎಂದೇ ಬಿಟ್ಟಿದೆ. ಅಷ್ಟು ದೂರ ಹೋಗದಿದ್ದರೂ ಒಂದು ಮಡಿಯನ್ನು ಬಿಟ್ಟುಕೊಡಬಹುದು. ಗುದ್ದಲಿ, ಪಿಕಾಸಿಗೆ ಮಾತ್ರ ಬೀಗ ಬೇಕೇ ಬೇಕು, ಹಿಡಿಗೆ ಎದ್ದುಕಾಣುವ ಬಣ್ಣ ಬಳಿದಿಡಿ.

ವರ್ಷದ ಕೊನೆಗೆ

ವರ್ಷಕ್ಕೊಮ್ಮೆ ಉಸ್ತುವಾರಿ ಬದಲಾಗಲಿ. ಚೆನ್ನಾಗಿ ನಡೆಸುತ್ತಿರುವವರನ್ನೇ ಮುಂದುವರಿಸುವ ಆಸೆ ಆಗುತ್ತದೆ, ಆದರೆ ಎಲ್ಲವೂ ಒಬ್ಬರ ತಲೆಯಲ್ಲೇ ಇರುವ ತೋಟ ಅವರು ದಣಿದ ದಿನ ನಿಲ್ಲುತ್ತದೆ. ನೀರಿನ ಮೀಟರ್ ಎಲ್ಲಿದೆ, ಯಾವ ಅಧಿಕಾರಿಗೆ ಯಾವ ತಿಂಗಳಲ್ಲಿ ನವೀಕರಣದ ಅರ್ಜಿ ಕೊಡಬೇಕು, ಬೀಗದ ಕೀಲಿಗಳು ಯಾರ ಯಾರ ಹತ್ತಿರ ಇವೆ ಎಂಬುದೆಲ್ಲ ಒಂದು ನೋಟುಬುಕ್ಕಿಗೆ ಇಳಿಯಲಿ.

ಒಪ್ಪಂದ ಮಾಡಿಕೊಟ್ಟ ಇಲಾಖೆಗೆ ಒಂದು ಪುಟದ ವರದಿ ಕಳಿಸಿ: ಹಿಂದಿನ ಮತ್ತು ಈಗಿನ ಫೋಟೊ, ಎಷ್ಟು ಮನೆಗಳು ಸೇರಿವೆ, ಎಷ್ಟು ಕಸ ತೆಗೆದಿರಿ, ಎಷ್ಟು ಕಿಲೊ ಬೆಳೆದಿರಿ. ಕಿಲೊ ಲೆಕ್ಕ ಇರಲು ಶೆಡ್ಡಿನಲ್ಲಿ ಒಂದು ತಕ್ಕಡಿ, ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲ್ಲು ಇರಬೇಕು, ಕೊಯ್ದವರು ತೂಗಿ ಬರೆದು ಹೋಗುವಂತೆ. ನೀವು ಮಾತಾಡಿಸಿದ ಅಧಿಕಾರಿ ಅಷ್ಟರಲ್ಲಿ ವರ್ಗವಾಗಿರುತ್ತಾರೆ. ಹೊಸಬರ ಮೇಜಿನ ಮೇಲೆ ನಿಮ್ಮ ಕಡತ ತೆರೆದಾಗ ಅರ್ಜಿಯ ಜೊತೆ ಆ ಪುಟವೂ ಇರಲಿ. ನವೀಕರಣದ ಪತ್ರವನ್ನು ಅವಧಿ ಮುಗಿಯುವ ಆರು ತಿಂಗಳ ಮೊದಲೇ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.